ಬಳ್ಳಾರಿಗೆ ತಲುಪದ ಬೋಗಿ: ಉಸಿರುಗಟ್ಟಿದ ಸಾವಿನ ಕಾರಣ ಹುಡುಕಿದ ಚರಿತ್ರೆ

1921ರ ನವೆಂಬರ್ 19ರ ಸಂಜೆ, ಮಲಬಾರಿನ ತಿರೂರು ನಿಲ್ದಾಣದಲ್ಲಿ ನೂರು ಮಂದಿ ಕೈದಿಗಳನ್ನು ಒಂದೇ ಲಗೇಜು ಬೋಗಿಗೆ ತುಂಬಿ ಬಾಗಿಲು ಹಾಕಿದರು. 97 ಮಂದಿ ಮಾಪಿಳ್ಳೆ ಮುಸಲ್ಮಾನರು, ಮೂವರು ಹಿಂದೂಗಳು. ಮಲಬಾರ್ ದಂಗೆಯಲ್ಲಿ ಹಿಡಿದ ಕೈದಿಗಳಿಂದ ಅಲ್ಲಿಯ ಜೈಲುಗಳು ತುಂಬಿಹೋಗಿದ್ದವು. ಆದ್ದರಿಂದ ಇವರನ್ನು ಒಯ್ಯಬೇಕಾಗಿದ್ದುದು ಬಳ್ಳಾರಿಗೆ. ಕೈದಿಗಳಿದ್ದ ಬೋಗಿಯ ಮೇಲೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ 1711ನೇ ಸಂಖ್ಯೆ ಇತ್ತು. ಬಳ್ಳಾರಿಗೆ ರೈಲು ಓಡಿಸುತ್ತಿದ್ದುದೂ ಅದೇ ಕಂಪನಿ. ಕಲ್ಲಿಕೋಟೆಯಿಂದ ಮದ್ರಾಸಿಗೆ ಹೋಗುವ ಗಾಡಿಗೆ ಜೋಡಿಸಿದ್ದ ಆ ಬೋಗಿಯನ್ನು ಮಧ್ಯರಾತ್ರಿ ದಾಟಿದ ಮೇಲೆ ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ ತೆರೆದಾಗ 56 ಮಂದಿ ಸತ್ತಿದ್ದರು. ಬದುಕಿದ್ದವರಲ್ಲಿ ಕೆಲವರು ಆಸ್ಪತ್ರೆಯ ದಾರಿಯಲ್ಲಿ, ಕೆಲವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಆರಂಭದ ಸುದ್ದಿಗಳಲ್ಲಿ 64 ಎಂದಿದ್ದ ಸಾವಿನ ಎಣಿಕೆ ಕೊನೆಗೆ 70ಕ್ಕೆ ನಿಂತಿತು.

ಈ ದುರಂತವನ್ನು ಇತಿಹಾಸಕಾರರು ವಸಾಹತು ಆಡಳಿತದ ಕ್ರೌರ್ಯಕ್ಕೆ ಉದಾಹರಣೆಯಾಗಿ ನೋಡಿದ್ದಾರೆ, ಅದು ಸರಿಯೇ. ನ್ಯಾಯವೈದ್ಯಶಾಸ್ತ್ರದ ಕಣ್ಣಿನಿಂದ ನೋಡಿದರೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಈ ಎಪ್ಪತ್ತು ಜನ ಸತ್ತದ್ದು ಯಾವುದರಿಂದ? ‘ಉಸಿರುಗಟ್ಟಿ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಇತ್ತು. ಆದರೆ ಉಸಿರುಗಟ್ಟಿತು ಎನ್ನುವುದು ಸಾವಿನ ವರ್ಣನೆ, ಕಾರಣವಲ್ಲ. ನೀರಲ್ಲಿ ಮುಳುಗಿದವನೂ, ಕೊರಳು ಬಿಗಿಸಿಕೊಂಡವನೂ, ಕಾಳು ತುಂಬಿಡುವ ನೆಲಗುಂಡಿಯಾದ ಹಗೇವಿಗೆ ಇಳಿದವನೂ, ಕುಲುಮೆಯ ಅನಿಲ ಕುಡಿದವನೂ ಕೊನೆಗೆ ಆಮ್ಲಜನಕ ಸಿಗದೆ ಸಾಯುತ್ತಾರೆ. ಯಾವ ದಾರಿಯಲ್ಲಿ ಅಲ್ಲಿಗೆ ಮುಟ್ಟಿದರು ಎಂಬುದನ್ನು ಬಿಡಿಸಿ ಹೇಳಲು ವೈದ್ಯಶಾಸ್ತ್ರಕ್ಕೆ ನೂರೈವತ್ತು ವರ್ಷಗಳಿಗೂ ಹೆಚ್ಚು ಬೇಕಾಯಿತು. ಕೆಲಸ ಇನ್ನೂ ಮುಗಿದಿಲ್ಲ.

ಆ ಕಾಲದ ಶವಾಗಾರದಲ್ಲಿ ವೈದ್ಯನ ಕೈಯಲ್ಲಿ ಇದ್ದುದೇನು? ಜೈಸಿಂಗ್ ಮೋದಿಯವರ ಪ್ರಸಿದ್ಧ ನ್ಯಾಯವೈದ್ಯಶಾಸ್ತ್ರ ಪಠ್ಯ ಮೊದಲ ಸಲ ಅಚ್ಚಾದದ್ದು 1920ರಲ್ಲಿ, ದುರಂತಕ್ಕೆ ಒಂದೇ ವರ್ಷ ಮುಂಚೆ. ಅದಕ್ಕೂ ಹಿಂದೆ ಬಂಗಾಳದ ನಾರ್ಮನ್ ಚೀವರ್ಸ್ 1856ರಲ್ಲಿ ಹೊರತಂದ ಕೈಪಿಡಿ ಇತ್ತು. ಈ ಪುಸ್ತಕಗಳ ಬೆನ್ನಿಗೆ ಯುರೋಪಿನ, ಅದರಲ್ಲೂ ಪ್ಯಾರಿಸ್ಸಿನ ಓಗುಸ್ತ್ ತಾರ್ದ್ಯೂನ ಅಧಿಕಾರವಾಣಿ ಇತ್ತು. 1855ರಲ್ಲಿ ಅವನು ಉಸಿರುಗಟ್ಟಿಸಿ ಕೊಂದ ಕೂಸುಗಳ ಶವಗಳನ್ನು ಪರೀಕ್ಷಿಸಿ, ಶ್ವಾಸಕೋಶದ ಹೊರಪೊರೆಯ ಕೆಳಗೆ ಸಾಸಿವೆ ಗಾತ್ರದ ರಕ್ತದ ಚುಕ್ಕೆಗಳು ಕಾಣುತ್ತವೆ, ಈ ಚುಕ್ಕೆಗಳಿದ್ದರೆ ಉಸಿರುಗಟ್ಟಿಸಿದ್ದು ಖಚಿತ ಎಂದು ಸಾರಿದ. ನ್ಯಾಯಾಲಯಗಳು ಇಂಥ ಒಂದು ಗುರುತಿಗಾಗಿ ಕಾಯುತ್ತಿದ್ದವು. ನೋಡಿದರೆ ಕಾಣಬೇಕು, ಕಂಡರೆ ತೀರ್ಪು ಕೊಡಬಹುದು. ‘ತಾರ್ದ್ಯೂ ಚುಕ್ಕೆ’ ಎಂಬ ಹೆಸರು ಇಂದಿಗೂ ಪಠ್ಯಗಳಲ್ಲಿ ಉಳಿದಿದೆ.

ತೊಂದರೆಯೆಂದರೆ, ಆ ಚುಕ್ಕೆಗಳು ಹೃದಯ ನಿಂತು ಸತ್ತವರಲ್ಲೂ ಸಿಗುತ್ತವೆ, ಸೋಂಕಿನಿಂದ ಸತ್ತವರಲ್ಲೂ ಸಿಗುತ್ತವೆ. ಸತ್ತ ಮೇಲೆ ತಲೆ ಕೆಳಗಾಗಿ ಬಿದ್ದ ಶವದಲ್ಲೂ ಮೂಡುತ್ತವೆ. ಚುಕ್ಕೆಗಳ ಜೊತೆಗೆ ಮುಖ ನೀಲಿಗಟ್ಟುವುದು, ಅಂಗಾಂಗಗಳಲ್ಲಿ ರಕ್ತ ತುಂಬಿ ಊದುವುದು, ಹೃದಯದ ಬಲಭಾಗ ಹಿಗ್ಗುವುದು, ರಕ್ತ ಹೆಪ್ಪುಗಟ್ಟದೆ ದ್ರವವಾಗಿ ಉಳಿಯುವುದು ಎಂಬ ಇನ್ನು ನಾಲ್ಕು ಲಕ್ಷಣಗಳನ್ನು ಸೇರಿಸಿ ಒಂದು ಪಂಚಕ ಮಾಡಿಕೊಂಡು, ತಲೆಮಾರುಗಳ ವೈದ್ಯರು ಶವಪರೀಕ್ಷೆಯ ವರದಿ ಬರೆದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬರ್ನಾರ್ಡ್ ನೈಟ್ ಅಂಥವರು ಈ ಐದೂ ಲಕ್ಷಣಗಳು ಯಾವ ಒಂದು ಸಾವಿಗೂ ಮೀಸಲಲ್ಲ, ಇವನ್ನು ಹಳತೆಂದು ಬದಿಗಿಡಬೇಕು ಎಂದರು. ಹಾಗೆಂದು ವರದಿಗಳಿಂದ ಅವು ಮಾಯವಾಗಿಲ್ಲ. ಜಿಲ್ಲಾ ನ್ಯಾಯಾಲಯಗಳ ಕಡತಗಳಲ್ಲಿ ‘ಅಂಗಾಂಗಗಳು ರಕ್ತಭರಿತ, ಸಾವಿಗೆ ಉಸಿರುಗಟ್ಟುವಿಕೆಯೇ ಕಾರಣ’ ಎಂಬ ಸಾಲು ಮುದ್ರೆ ಒತ್ತಿದ ಹಾಗೆ ಮತ್ತೆ ಮತ್ತೆ ಬರುತ್ತದೆ. ಹೀಗೆ ಬರೆದವರಿಗೆ ಬೇರೆ ಏನೂ ಕಾಣಲಿಲ್ಲ ಎಂಬುದಷ್ಟೇ ಅದರಿಂದ ಖಾತ್ರಿಯಾಗುವ ಸಂಗತಿ.

ಹೀಗಾಗಿ 1711ನೇ ಬೋಗಿಯ ಸಾವುಗಳ ಕಾರಣವನ್ನು ಹೊರತೆಗೆದದ್ದು ಶವಗಳಲ್ಲ. ಹೊರತೆಗೆದದ್ದು ಬೋಗಿ.

ಮದ್ರಾಸ್ ಸರ್ಕಾರ ಎ. ಆರ್. ನ್ಯಾಪ್ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಸಮಿತಿಯ ಮುಂದೆ ಬಂದ ಮುಖ್ಯ ಸಂಗತಿ ಒಂದು ತಂತಿ ಬಲೆ. ಬಾಗಿಲು ಮುಚ್ಚಿದರೆ ಬೋಗಿಯೊಳಗೆ ಗಾಳಿ ಬರಬೇಕಾದದ್ದು ಆ ಬಲೆಯ ಕಂಡಿಗಳಿಂದ. ಅವುಗಳ ಮೇಲೆ ಬಣ್ಣ ಬಳಿದು, ದೂಳು ಕೂತು, ಕಂಡಿಗಳು ಕಟ್ಟಿಹೋಗಿದ್ದವು. ದಕ್ಷಿಣ ಮಲಬಾರಿನ ಪೊಲೀಸ್ ಸೂಪರಿಂಟೆಂಡೆಂಟ್ ಹಿಚ್‌ಕಾಕ್, ಇದಕ್ಕೂ ಮುಂಚೆ ಇಂಥ ಬೋಗಿಗಳಲ್ಲಿ ಎಷ್ಟೋ ಸಲ ಕೈದಿಗಳನ್ನು ಸಾಗಿಸಿದ್ದುಂಟು ಎಂದು ಸಮರ್ಥಿಸಿಕೊಂಡರು. ಆಡಳಿತಗಾರನ ಈ ಸಮರ್ಥನೆ ವಿಜ್ಞಾನಿಯ ಕೈಯಲ್ಲಿ ಒಳ್ಳೆಯ ಸಾಕ್ಷ್ಯವಾಗುತ್ತದೆ. ಹಿಂದಿನ ಪ್ರಯಾಣಗಳಲ್ಲಿ ಇಂಥ ದುರಂತ ನಡೆಯಲಿಲ್ಲ, ಈ ಸಲ ನಡೆಯಿತು ಎಂದರೆ, ಬದಲಾದದ್ದು ಗಾಳಿಯ ದಾರಿ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬಹುದು. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಸುಮಾರು ಕಾಲು ಲೀಟರ್ ಆಮ್ಲಜನಕ ಬಳಸುತ್ತಾನೆ, ಸುಮಾರು 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಮೂವತ್ತು ಘನ ಮೀಟರಿನ ಒಂದು ಪೆಟ್ಟಿಗೆಯನ್ನು ಊಹಿಸಿಕೊಂಡು ಅದರಲ್ಲಿ ನೂರು ಜನರನ್ನು ನಿಲ್ಲಿಸಿದರೆ, ಮೈಗಳೇ ಆರು ಘನ ಮೀಟರು ಹಿಡಿಯುತ್ತವೆ. ಉಳಿಯುವ ಗಾಳಿ ಇಪ್ಪತ್ತನಾಲ್ಕು. ಗಂಟೆಗೆ 1,500 ಲೀಟರ್ ಆಮ್ಲಜನಕ ಖರ್ಚಾಗುತ್ತದೆ. ಹನಿ ಗಾಳಿಯೂ ಒಳಗೆ ಬರದಿದ್ದರೆ ಮೊದಲ ಗಂಟೆಯಲ್ಲೇ ಆಮ್ಲಜನಕ ಶೇ. 21ರಿಂದ 15ರ ಆಸುಪಾಸಿಗೆ ಇಳಿದು, ಇಂಗಾಲದ ಡೈಆಕ್ಸೈಡ್ ಶೇ. 5ಕ್ಕೆ ಏರುತ್ತದೆ. ಎರಡನೆಯ ಗಂಟೆ ಮುಗಿಯುವಾಗ ಆಮ್ಲಜನಕ 9ಕ್ಕಿಂತ ಕೆಳಗೆ, ಇಂಗಾಲದ ಡೈಆಕ್ಸೈಡ್ 10ರ ಹತ್ತಿರ. ಆ ಗಾಳಿಯಲ್ಲಿ ಪ್ರಜ್ಞೆ ನಿಲ್ಲುವುದಿಲ್ಲ. ಬಡಿದಾಡುವ, ಕೂಗಾಡುವ ಮನುಷ್ಯರಿಗೆ ಆಮ್ಲಜನಕ ಇದರ ಎಷ್ಟೋ ಪಟ್ಟು ಬೇಕು.

ತಿರೂರಿನಿಂದ ಪೋದನೂರಿಗೆ ಗಾಡಿ ಹಿಡಿದದ್ದು ಸುಮಾರು ಐದು ಗಂಟೆ. ಬೋಗಿ ಪೂರ್ತಿ ಮುಚ್ಚಿದ್ದರೆ ಒಬ್ಬನೂ ಉಳಿಯುತ್ತಿರಲಿಲ್ಲ. 44 ಮಂದಿ ಜೀವದಿಂದಿದ್ದರು ಎಂಬುದೇ ಹಲಗೆಗಳ ಸಂದಿಯಿಂದ ಸ್ವಲ್ಪ ಗಾಳಿ ಬರುತ್ತಿತ್ತು ಎನ್ನುವುದಕ್ಕೆ ಪುರಾವೆ. ಬದುಕಿ ಬಂದ ಒಬ್ಬರು ದಶಕಗಳ ಆಮೇಲೆ, ಮೊಳೆ ಕಿತ್ತುಹೋದ ಒಂದು ತೂತಿಗೆ ಮೂಗು ಒತ್ತಿ ಉಸಿರಾಡಿದ್ದನ್ನು ನೆನೆದಿದ್ದಾರೆ. ನೆನಪಿನ ಮಾತು ಲೆಕ್ಕದ ಜೊತೆ ತಾಳೆಯಾಗುತ್ತದೆ.

ಇದರಿಂದ ಇನ್ನೊಂದು ಅನುಮಾನ ಹುಟ್ಟುತ್ತದೆ. ಗಾಳಿ ಅಷ್ಟಿಷ್ಟು ಬರುತ್ತಿದ್ದರೆ ಅವರನ್ನು ಕೊಂದದ್ದು ಆಮ್ಲಜನಕದ ಕೊರತೆಯೊಂದೇ ಅಲ್ಲದಿರಬಹುದು. ನೂರು ಮೈಗಳು ಒಟ್ಟಿಗೆ ಎಂಟರಿಂದ ಹತ್ತು ಕಿಲೋವಾಟ್ ಶಾಖ ಹೊರಸೂಸುತ್ತವೆ. ಬೆವರು ಆರಲು ಜಾಗವಿಲ್ಲ, ಗಾಳಿಯಲ್ಲಿ ತೇವ ತುಂಬಿದೆ, ಕುಡಿಯಲು ನೀರಿಲ್ಲ. 1905ರಲ್ಲಿ ಜರ್ಮನಿಯ ಕಾರ್ಲ್ ಫ್ಲ್ಯೂಗೆ ಮತ್ತು ಅವನ ಶಿಷ್ಯರು, ಕಿಕ್ಕಿರಿದ ಕೋಣೆಯಲ್ಲಿ ಜನ ತಳಮಳಿಸುವುದು ಕೆಟ್ಟ ಗಾಳಿಗಿಂತ ಹೆಚ್ಚಾಗಿ ಸೆಕೆ ಮತ್ತು ತೇವದಿಂದ ಎಂದು ತೋರಿಸಿದ್ದರು. ಲಂಡನ್ನಿನ ಲೆನರ್ಡ್ ಹಿಲ್ ವಿದ್ಯಾರ್ಥಿಗಳನ್ನು ಮುಚ್ಚಿದ ಚಿಕ್ಕ ಕೋಣೆಯಲ್ಲಿ ಕೂರಿಸಿದ. ಮುಖ ಕೆಂಪೇರಿ ಒದ್ದಾಡುತ್ತಿದ್ದವರಿಗೆ ಒಳಗಿನ ಅದೇ ಗಾಳಿಯನ್ನು ಫ್ಯಾನಿನಿಂದ ತಿರುಗಿಸಿದ ಕೂಡಲೇ ಜೀವ ಬಂದಂತಾಯಿತು. ಹಾಗೆ ನೋಡಿದರೆ 1711ನೇ ಬೋಗಿಯ ಸಾವುಗಳಲ್ಲಿ ಎರಡು ಕಾರಣಗಳು ಹೆಣೆದುಕೊಂಡಿವೆ: ಉಸಿರಿನ ಕೊರತೆ ಮತ್ತು ಶಾಖಾಘಾತ. ವಿಪರ್ಯಾಸವೆಂದರೆ ಶಾಖಾಘಾತವೂ ಶವದಲ್ಲಿ ತನ್ನದೇ ಎನ್ನುವ ಗುರುತು ಬಿಡುವುದು ಬಹಳ ಕಡಿಮೆ. ಎರಡು ಮೂಕ ಕಾರಣಗಳನ್ನು ಬೇರೆ ಮಾಡಲು ಆಗಿನ ಶವಪರೀಕ್ಷೆಗೆ ಶಕ್ತಿಯಿರಲಿಲ್ಲ. ಈಗಿನದಕ್ಕೂ ಅಷ್ಟಾಗಿ ಇಲ್ಲ.

ಪತ್ರಿಕೆಗಳು ಈ ಘಟನೆಯನ್ನು ಪೋದನೂರಿನ ‘ಕಪ್ಪು ಕೋಣೆ’ ಎಂದು ಕರೆದದ್ದರಲ್ಲಿ ಕುಟುಕು ಇತ್ತು. 1756ರ ಜೂನ್ 20ರ ರಾತ್ರಿ ಕಲ್ಕತ್ತೆಯ ಕಪ್ಪು ಕೋಣೆಯಲ್ಲಿ 146 ಜನರನ್ನು ಕೂಡಿಹಾಕಿ 123 ಮಂದಿ ಸತ್ತರೆಂದು ಅಲ್ಲಿಂದ ಬದುಕಿ ಬಂದ ಹಾಲ್ವೆಲ್ ಬರೆದದ್ದನ್ನು ಇಂಗ್ಲಿಷರು ನೂರಕ್ಕೂ ಹೆಚ್ಚು ವರ್ಷ ಹೇಳಿಕೊಂಡು ಬಂದಿದ್ದರು. ಆ ಕೋಣೆಯಲ್ಲಿ ಅಷ್ಟು ಜನ ಹಿಡಿಸುವುದೇ ಇಲ್ಲ ಎಂಬ ವಾದ ಎದ್ದಿತು; ಹಾಲ್ವೆಲ್ಲನ ಮಾತನ್ನೇ ನಂಬಲಾಗದು ಎಂದು ಜೆ. ಎಚ್. ಲಿಟ್ಲ್ 1915ರಲ್ಲಿ ವಾದಿಸಿದ. ಆಮೇಲೆ ಬ್ರಿಜೇನ್ ಗುಪ್ತ ದಾಖಲೆಗಳನ್ನು ಜಾಲಿಸಿ, ಒಳಗೆ ಹೋದವರು ಸುಮಾರು 64, ಸತ್ತವರು 43 ಎಂಬ ಅಂದಾಜಿಗೆ ಬಂದರು. ಹಾಲ್ವೆಲ್ಲನ ಹೇಳಿಕೆಯನ್ನು ಅಲುಗಾಡಿಸಿದ್ದೂ ಕೋಣೆಯ ಅಳತೆಯೇ.

ಸ್ಥಳವನ್ನು ಮೊದಲು ನೋಡು ಎಂಬ ಈ ಪಾಠಕ್ಕೆ ಯುರೋಪಿನಲ್ಲಿ ಗಟ್ಟಿ ಅಡಿಪಾಯ ಹಾಕಿದವನು ಜೆ. ಎಸ್. ಹಾಲ್ಡೇನ್. 1896ರಲ್ಲಿ ವೇಲ್ಸಿನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸಿಡಿದಾಗ ಅವನು ಶವಗಳನ್ನೂ, ಅವು ಬಿದ್ದಿದ್ದ ಸುರಂಗಗಳನ್ನೂ ಪರಿಶೀಲಿಸಿದ. ಹೆಚ್ಚಿನವರು ಸಿಡಿತದಿಂದ ಸತ್ತಿರಲಿಲ್ಲ. ಸಿಡಿತದ ನಂತರ ಸುರಂಗ ತುಂಬಿದ ಕಾರ್ಬನ್ ಮೊನಾಕ್ಸೈಡ್ ಕುಡಿದು ಸತ್ತಿದ್ದರು. ಶವಗಳ ಚರ್ಮ ಗುಲಾಬಿಗೆಂಪಾಗಿತ್ತು. ಉಸಿರುಗಟ್ಟಿದ ಸಾವುಗಳಲ್ಲಿ ಮೈಮೇಲೆ ಸ್ಪಷ್ಟ ಸಹಿ ಹಾಕಿ ಹೋಗುವುದು ಇದೊಂದೇ ಎನ್ನಬಹುದು. ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಒಲವು ಈ ಅನಿಲದ ಮೇಲೆ. ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ, ರಕ್ತ ಕೆಂಪಾಗಿಯೇ ಉಳಿಯುತ್ತದೆ. ಉಕ್ಕಿನ ಕಾರ್ಖಾನೆಗಳಿರುವ ತೋರಣಗಲ್ಲು ಬಳ್ಳಾರಿ ಜಿಲ್ಲೆಯಲ್ಲೇ ಇರುವುದರಿಂದ ಇದು ಇಲ್ಲಿಯ ವೈದ್ಯರಿಗೆ ಪುಸ್ತಕದ ಮಾತಷ್ಟೇ ಅಲ್ಲ: ಊದುಕುಲುಮೆಯ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ದೊಡ್ಡ ಪಾಲು ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ.

ಹಾಲ್ಡೇನನಿಗಿಂತ ಎಷ್ಟೋ ಮುಂಚೆ ಬಳ್ಳಾರಿ, ಕುರುಗೋಡು ಸೀಮೆಯ ಎರೆಹೊಲದ ಒಕ್ಕಲಿಗರಿಗೆ ಕೆಟ್ಟ ಗಾಳಿಯ ಅರಿವಿತ್ತು. ಜೋಳ ತುಂಬಿಡುವ ಹಗೇವು ನೆಲದೊಳಗಿನ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಸುತ್ತ ಹುಲ್ಲು ಹಾಸಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಕಾಳು ಕೂಡ ಉಸಿರಾಡುತ್ತದೆ: ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳ ಸಾಯುತ್ತವೆ, ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಹುಳುವನ್ನು ಕೊಂದ ಗಾಳಿ ಇಳಿದ ಆಳನ್ನೂ ಬಿಡುವುದಿಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡುವುದು ರೂಢಿ. ಆಮ್ಲಜನಕ ಶೇ. 16–17ಕ್ಕಿಂತ ಕೆಳಗಿದ್ದರೆ ಎಣ್ಣೆದೀಪ ಆರುತ್ತದೆ. ಮನುಷ್ಯ ಕುಸಿಯುವ ಮಟ್ಟ ಇನ್ನೂ ಕೆಳಗಿರುವುದರಿಂದ ದೀಪ ಮುಂಚಿತವಾಗಿಯೇ ಎಚ್ಚರಿಸುತ್ತದೆ. ಹಗೇವಿನಲ್ಲಿ ಇದು ನಂಬಬಹುದಾದ ಪರೀಕ್ಷೆ. ಒಳಚರಂಡಿಯ ಗುಂಡಿಗೆ ಇದನ್ನೇ ಒಯ್ದರೆ ಕೆಲಸಕ್ಕೆ ಬಾರದು: ಅಲ್ಲಿಯ ಹೈಡ್ರೋಜನ್ ಸಲ್ಫೈಡ್ ದೀಪವನ್ನು ಆರಿಸದೆಯೇ ಮನುಷ್ಯನನ್ನು ಕೊಲ್ಲುತ್ತದೆ.

ಹಗೇವಿನಲ್ಲಿ ಸತ್ತವನ ಶವಪರೀಕ್ಷೆ ಮಾಡುವ ವೈದ್ಯನ ಕಷ್ಟವನ್ನು ಯೋಚಿಸಿ. ಇಂಗಾಲದ ಡೈಆಕ್ಸೈಡ್ ಪ್ರತಿಯೊಂದು ಶವದ ರಕ್ತದಲ್ಲೂ ಸಾವಿನ ನಂತರ ತಾನೇ ಹೆಚ್ಚುತ್ತದೆ, ಆದ್ದರಿಂದ ಅಳೆದು ಫಲವಿಲ್ಲ. ಕಾರಣ ಇರುವುದು ಗುಂಡಿಯ ತಳದ ಗಾಳಿಯಲ್ಲಿ. ಶವ ಎತ್ತುವ ಗಡಿಬಿಡಿಯಲ್ಲಿ ಆ ಗಾಳಿ ಚದುರಿಹೋಗಿರುತ್ತದೆ, ಅಷ್ಟರಲ್ಲಿ ಶವ ಬಳ್ಳಾರಿಯ ಶವಾಗಾರಕ್ಕೆ ಬಂದಿರುತ್ತದೆ.

ಕುತ್ತಿಗೆಯ ಕತೆ ಬೇರೆ. ಇಲ್ಲಿ ದೇಹ ಸಾಕಷ್ಟು ಹೇಳುತ್ತದೆ, ಕೇಳುವ ಕ್ರಮ ಗೊತ್ತಿರಬೇಕು ಅಷ್ಟೇ. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ಬಳ್ಳಾರಿಯೂ ಇತ್ತು. ಥಾಮಸ್ ಮನ್ರೋ ಅದರ ಮುಖ್ಯ ಕಲೆಕ್ಟರಾದ. ಆ ದಶಕಗಳಲ್ಲಿ ದಕ್ಷಿಣದ ಹೆದ್ದಾರಿಗಳಲ್ಲಿ ಪ್ರಯಾಣಿಕರನ್ನು ಬಟ್ಟೆಯಿಂದ ಕೊರಳು ಬಿಗಿದು ಕೊಂದು ದೋಚುವ ಫಾಸಿಗಾರರ ಬಗ್ಗೆ ಮದ್ರಾಸಿನ ಸರ್ಜನ್ ರಿಚರ್ಡ್ ಶೆರ್ವುಡ್ 1816ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅದನ್ನು ಬರೆದದ್ದು ವೈದ್ಯನಾದರೂ ಅದರಲ್ಲಿ ಶವಪರೀಕ್ಷೆಯಿಲ್ಲ. ಸಿಕ್ಕಿಬಿದ್ದವರ ಹೇಳಿಕೆಗಳೇ ಎಲ್ಲ. ಶವಗಳನ್ನು ಹೂತು ಅಳಿಸಿಹಾಕಿದ್ದರು ಎಂಬ ವಿವರಣೆ ಬೇರೆ. ಈ ಫಾಸಿಗಾರರ, ಅಂದರೆ ಠಕ್ಕರ, ವಿಷಯದಲ್ಲಿ ಕಂಪನಿ ಕಟ್ಟಿದ ಚಿತ್ರ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಒಂದಷ್ಟು ಕುತ್ತಿಗೆಗಳನ್ನು ಸರಿಯಾಗಿ ಪರೀಕ್ಷಿಸಿ ಬರೆದಿಟ್ಟಿದ್ದರೆ ಈ ಜಗಳದ ಅರ್ಧ ಪಾಲು ಉಳಿಯುತ್ತಿರಲಿಲ್ಲ.

ಚೀನಾದಲ್ಲಿ ಸಾಂಗ್ ತ್ಸು ಎಂಬ ನ್ಯಾಯಾಧಿಕಾರಿ 1247ರಲ್ಲೇ ಶವ ತನಿಖೆಯ ಕೈಪಿಡಿ ಬರೆದು, ನೇಣಿಗೂ ಇನ್ನೊಬ್ಬರು ಕೊರಳು ಬಿಗಿದದ್ದಕ್ಕೂ ಗುರುತಿನ ವ್ಯತ್ಯಾಸ ಹೇಳಿದ್ದ. ಇಂದಿನ ಪಠ್ಯಗಳ ಸಾರವೂ ಅದರಿಂದ ಬಹಳ ದೂರವಿಲ್ಲ: ನೇಣಿನ ಗುರುತು ಸಾಮಾನ್ಯವಾಗಿ ಗಂಟಲುಬ್ಬಿನ ಮೇಲೆ, ಓರೆಯಾಗಿ, ಒಂದು ಕಡೆ ಮಾಸಿರುತ್ತದೆ, ಬೇರೆಯವರು ಬಿಗಿದದ್ದು ಕೆಳಗೆ, ಅಡ್ಡಡ್ಡವಾಗಿ, ಸುತ್ತಲೂ ಇರುತ್ತದೆ, ಒಳಗಿನ ಸ್ನಾಯುಗಳು ಜಜ್ಜಿ ರಕ್ತ ಇಳಿದಿರುತ್ತದೆ. ಆದರೆ ಆ ಒಳರಕ್ತವೇ ವೈದ್ಯನನ್ನು ಮೋಸಗೊಳಿಸಬಲ್ಲದು. 1951ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿನ್ಸ್‌ಲೂ ಮತ್ತು ಗಾರ್ಡನ್, ಕುತ್ತಿಗೆಯನ್ನು ಮೊದಲೇ ಕತ್ತರಿಸಿದರೆ ತುಂಬಿದ ರಕ್ತನಾಳಗಳಿಂದ ರಕ್ತ ಒಸರಿ ಅನ್ನನಾಳದ ಹಿಂದೆ ‘ಗಾಯ’ ಕಾಣಿಸಿಕೊಳ್ಳುತ್ತದೆ, ಅದು ಚಾಕು ಮಾಡಿದ ಗಾಯ ಎಂದು ತೋರಿಸಿದರು. ಅಂದಿನಿಂದ ನಿಯಮ ಹೀಗೆ: ಮೊದಲು ತಲೆ ಮತ್ತು ಎದೆ ತೆರೆದು ರಕ್ತ ಇಳಿಯಲು ಬಿಡಬೇಕು, ಕುತ್ತಿಗೆ ಕೊನೆಗೆ, ಪದರ ಪದರವಾಗಿ. ಕ್ರಮ ತಪ್ಪಿದ ಶವಪರೀಕ್ಷೆ ಆತ್ಮಹತ್ಯೆಯನ್ನು ಕೊಲೆ ಮಾಡಬಲ್ಲದು, ಅವಸರದ್ದು ಕೊಲೆಯನ್ನು ಆತ್ಮಹತ್ಯೆ ಮಾಡಬಲ್ಲದು. ಮದುವೆಯಾಗಿ ಏಳು ವರ್ಷದೊಳಗೆ ತೀರಿಕೊಂಡ ಹೆಣ್ಣುಮಗಳ ಪ್ರಕರಣದಲ್ಲಿ ಕಾನೂನು ಹೆಚ್ಚಿನ ತನಿಖೆ ಬೇಡುತ್ತದೆ; ಅಲ್ಲಿ ಈ ಎಚ್ಚರ ಇನ್ನಷ್ಟು ಮುಖ್ಯ.

ಬಳ್ಳಾರಿಗೆ ಈ ಶಾಸ್ತ್ರ ಬಂದ ದಾರಿ ಮದ್ರಾಸಿನದು. ಭಾರತದಲ್ಲಿ ದಾಖಲಾದ ಮೊದಲ ನ್ಯಾಯವೈದ್ಯಕೀಯ ಶವಪರೀಕ್ಷೆ ನಡೆದದ್ದು 1693ರಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ, ಎಡ್ವರ್ಡ್ ಬಲ್ಕ್ಲಿ ಎಂಬ ವೈದ್ಯನಿಂದ, ಸಂಶಯ ವಿಷದ್ದು. ದೇಶದ ಮೊದಲ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯವೂ ಅಲ್ಲೇ, 1849ರಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಜಿಲ್ಲೆಯ ಮುಖ ಬೆಂಗಳೂರಿನತ್ತ ತಿರುಗಿತು. 1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಜನ ಇಂದಿಗೂ ‘ವಿಮ್ಸ್’ ಎನ್ನುವ, ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಎಂದು ಹೆಸರಾಗಿರುವ ಸಂಸ್ಥೆ ಅದೇ. ಸಿರುಗುಪ್ಪ, ಕುರುಗೋಡು ಕಡೆಯ ಜಟಿಲ ಪ್ರಕರಣಗಳು ಬಂದು ನಿಲ್ಲುವ ಬಾಗಿಲು.

ಆ ಬಾಗಿಲಿಗೆ ಬರುವ ಉಸಿರುಗಟ್ಟಿದ ಸಾವುಗಳಲ್ಲಿ ಈ ಸೀಮೆಯದೇ ಎನ್ನಬಹುದಾದ ಬಗೆ ಒಂದಿದೆ, ನೀರಿನದು. ಸಿರುಗುಪ್ಪ ಪಟ್ಟಣದ ಸೀಮೆ ತುಂಗಭದ್ರೆಯ ದಡದ್ದು. ಹಗರಿ ಹೊಳೆಯೂ ಆ ಕಡೆಗೇ ಹರಿದು ತುಂಗಭದ್ರೆಯನ್ನು ಸೇರುತ್ತದೆ. ಹೊಸಪೇಟೆಯ ಜಲಾಶಯದಿಂದ ಹೊರಟ ಬಲದಂಡೆಯ ಕೆಳಮಟ್ಟದ ಕಾಲುವೆ ಭತ್ತದ ಗದ್ದೆಗಳಿಗೆ ನೀರುಣಿಸುತ್ತ ಆಂಧ್ರದ ಗಡಿ ದಾಟುತ್ತದೆ. ಮೇಲ್ಮಟ್ಟದ ಕಾಲುವೆ ಬಳ್ಳಾರಿಯ ಹತ್ತಿರದಿಂದ ಅನಂತಪುರದತ್ತ ಹೋಗುತ್ತದೆ. ಜಲಾಶಯಕ್ಕಿಂತ ಮುಂಚೆ ಇಲ್ಲಿ ಹೊಳೆಯೂ ಬಾವಿಯೂ ಇದ್ದವು. ಆಮೇಲೆ ಜಾರುವ ಅಂಚಿನ, ಸೆಳೆತದ ನೀರಿನ ಮೈಲುಗಟ್ಟಲೆ ಕಾಲುವೆ ಬಂತು. ಬಿದ್ದ ಜಾಗ ಒಂದು, ಶವ ತೂಬಿಗೆ ಸಿಕ್ಕಿಕೊಳ್ಳುವ ಜಾಗ ಇನ್ನೊಂದು. ನಡುವೆ ಒಂದು ತಾಲ್ಲೂಕು, ಕೆಲವೊಮ್ಮೆ ಒಂದು ರಾಜ್ಯ.

ನೀರಿನಿಂದ ತೆಗೆದ ಶವವೆಲ್ಲ ನೀರಿನಲ್ಲಿ ಸತ್ತದ್ದಲ್ಲ. ಜೀವವಿದ್ದಾಗ ಮುಳುಗಿದವನ ಮೂಗು ಬಾಯಲ್ಲಿ ಬಿಳಿಯ ನೊರೆ ಬರುತ್ತದೆ, ಒರೆಸಿದರೆ ಮತ್ತೆ ಬರುತ್ತದೆ; ಶ್ವಾಸಕೋಶ ಊದಿ ಪಕ್ಕೆಲುಬಿನ ಅಚ್ಚು ಹೊತ್ತಿರುತ್ತದೆ; ಮುಷ್ಟಿಯಲ್ಲಿ ಜೊಂಡು, ಕೆಸರು ಬಿಗಿಯಾಗಿ ಹಿಡಿದಿರಬಹುದು. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಇದಕ್ಕೆ ಒಂದು ತೊಡಕು. ಆರ್ಗನೊಫಾಸ್ಫೇಟ್ ಕ್ರಿಮಿನಾಶಕ ಹೊಟ್ಟೆಗೆ ಹೋಗಿ ಸತ್ತವರ ಬಾಯಲ್ಲೂ ಅದೇ ನೊರೆ: ಸ್ನಾಯುಗಳು ಸೋತು, ಶ್ವಾಸಕೋಶದಲ್ಲಿ ದ್ರವ ತುಂಬಿ, ಅವರೂ ಉಸಿರುಗಟ್ಟಿಯೇ ಸಾಯುತ್ತಾರೆ. ‘ಎಣ್ಣೆ’, ಅಂದರೆ ಕ್ರಿಮಿನಾಶಕ, ಕುಡಿದವನನ್ನು ಕಾಲುವೆಗೆ ತಳ್ಳಿದ್ದರೆ? ಕುಡಿದು ತಾನೇ ಬಿದ್ದಿದ್ದರೆ? ಹೊಟ್ಟೆ ತೆರೆದಾಗಿನ ಸೀಮೆಎಣ್ಣೆಯಂಥ ವಾಸನೆ, ಕುಗ್ಗಿದ ಪಾಪೆ ಸುಳಿವು ಕೊಡುತ್ತವೆ. ಉತ್ತರ ಬರುವುದು ಉಪ್ಪುನೀರಿನಲ್ಲಿಟ್ಟು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ ಒಳಾಂಗಗಳಿಂದ, ಅದೂ ತಿಂಗಳುಗಳ ಮೇಲೆ. ಅಲ್ಲಿಯವರೆಗೆ ವರದಿಯ ಕೊನೆಯ ಅಂಕಣದಲ್ಲಿ ‘ಅಭಿಪ್ರಾಯ ಕಾಯ್ದಿರಿಸಲಾಗಿದೆ’ ಎಂದಿರುತ್ತದೆ, ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಕಡತ ತೆರೆದೇ ಇರುತ್ತದೆ.

ಮುಳುಗಿದ್ದಕ್ಕೆ ನಿಶ್ಚಿತ ಪರೀಕ್ಷೆ ಹುಡುಕಿದವರ ಸಾಲು ಉದ್ದ. ನ್ಯೂಯಾರ್ಕಿನ ಅಲೆಕ್ಸಾಂಡರ್ ಗೆಟ್ಲರ್ 1921ರಲ್ಲಿ, ತಿರೂರಿನ ದುರಂತದ ವರ್ಷವೇ, ಹೃದಯದ ಎಡ ಮತ್ತು ಬಲ ಭಾಗದ ರಕ್ತದ ಕ್ಲೋರೈಡ್ ಹೋಲಿಸುವ ವಿಧಾನ ಪ್ರಕಟಿಸಿದ. ಸಿಹಿನೀರು ಶ್ವಾಸಕೋಶದಿಂದ ಎಡಹೃದಯಕ್ಕೆ ಸೇರಿ ರಕ್ತ ತಿಳಿಯಾಗಬೇಕು, ಉಪ್ಪು ಕಡಿಮೆಯಾಗಬೇಕು ಎಂಬ ತರ್ಕ ಅಂದವಾಗಿತ್ತು. ಶವ ಕೆಲವು ಗಂಟೆ ಹಳತಾದರೆ ಆ ವ್ಯತ್ಯಾಸ ನಂಬುವಂತಿರಲಿಲ್ಲ; ವಿಧಾನ ನಿಲ್ಲಲಿಲ್ಲ. ಇನ್ನೊಂದು ದಾರಿ ಡಯಾಟಮ್‌ಗಳದು: ನೀರಿನಲ್ಲಿ ತೇಲುವ, ಗಾಜಿನಂಥ ಸಿಲಿಕಾ ಚಿಪ್ಪಿನ ಏಕಕೋಶ ಪಾಚಿ. 1904ರಲ್ಲಿ ಜರ್ಮನಿಯ ರೆವೆನ್‌ಸ್ಟಾರ್ಫ್ ಅವನ್ನು ಸಾಕ್ಷ್ಯವಾಗಿ ಬಳಸಲು ನೋಡಿದ. 1942ರಲ್ಲಿ ಹಂಗೇರಿಯ ಇಂಚೆ, ಹೃದಯ ಬಡಿಯುತ್ತಿದ್ದಾಗ ಮುಳುಗಿದರೆ ಡಯಾಟಮ್‌ಗಳು ಶ್ವಾಸಕೋಶ ದಾಟಿ ರಕ್ತದ ಜೊತೆ ದೂರದ ಅಂಗಗಳಿಗೂ ಹೋಗುತ್ತವೆ ಎಂದು ತೋರಿಸಿದ. ಸತ್ತ ಮೇಲೆ ನೀರಿಗೆ ಎಸೆದರೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ತೊಡೆಮೂಳೆಯ ಮಜ್ಜೆಗೆ ತಲುಪಲಾರದು. ಮಜ್ಜೆಯನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಮಾಂಸವೆಲ್ಲ ಕರಗಿ ಸಿಲಿಕಾ ಚಿಪ್ಪು ಉಳಿಯುತ್ತದೆ.

ಇದಕ್ಕೂ ತಕರಾರುಗಳಿವೆ. ಕುಡಿಯುವ ನೀರಿನಲ್ಲೂ, ಪ್ರಯೋಗಾಲಯದ ಗಾಜಿನ ಸಾಮಾನಿನಲ್ಲೂ ಡಯಾಟಮ್ ಇರಬಹುದು. ನಿಜವಾಗಿ ಮುಳುಗಿದವರ ಮಜ್ಜೆಯಲ್ಲೂ ಸಿಗದಿರಬಹುದು. ಆದ್ದರಿಂದ ಎಣಿಕೆಯೊಂದೇ ಸಾಲದು, ಜಾತಿ ಹೊಂದಬೇಕು: ಮಜ್ಜೆಯ ಡಯಾಟಮ್ ಮತ್ತು ಶವ ಸಿಕ್ಕ ನೀರಿನ ಡಯಾಟಮ್ ಒಂದೇ ಬಗೆಯವೇ? ಹೊಳೆಯ ಮಡುವಿನ ಪಾಚಿ ಬೇರೆ, ಸಿಮೆಂಟು ಕಾಲುವೆಯದು ಬೇರೆ, ಕುರುಗೋಡಿನ ಬಂಡೆಗಳ ನಡುವಿನ ಕಲ್ಲುಕ್ವಾರಿಯ ನಿಂತ ನೀರಿನದು ಇನ್ನೂ ಬೇರೆ. ಒಳ್ಳೆಯ ಹೋಲಿಕೆ ಸಿಕ್ಕರೆ, ಮನುಷ್ಯ ಮುಳುಗಿದ್ದು ಬಾವಿಯಲ್ಲೋ ಕಾಲುವೆಯಲ್ಲೋ ಎಂದು ಹೇಳುವ ಮಟ್ಟಕ್ಕೆ ಹೋಗಬಹುದು.

ಹೋಲಿಸಲು ನೀರು ಬೇಕು. ಮಹಜರಿನ ದಿನವೇ, ಪಂಚರ ಎದುರಿಗೇ, ಶವ ಸಿಕ್ಕ ಜಾಗದ ನೀರನ್ನು ಶುದ್ಧ ಬಾಟಲಿಗೆ ತುಂಬಿ ಮೊಹರು ಮಾಡಿ ಮೂಳೆಯ ಜೊತೆ ಕಳಿಸಬೇಕು ಎಂಬುದು ನಿಯಮ. ಬಿದ್ದಿರಬಹುದಾದ ಜಾಗ ಗೊತ್ತಿದ್ದರೆ ಅಲ್ಲಿಯ ನೀರೂ ಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಏಳು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಹೇಳುತ್ತದೆ. ಅಪರಾಧ ನಡೆದಿದೆಯೋ ಇಲ್ಲವೋ ಎಂದೇ ಗೊತ್ತಿಲ್ಲದ ಯುಡಿಆರ್ ಪ್ರಕರಣದಲ್ಲಿ ಆ ಬಾಟಲಿ ತುಂಬುವವನು ಠಾಣೆಯ ಹೆಡ್ ಕಾನ್‌ಸ್ಟೆಬಲ್ಲೇ. ಅವನು ಮರೆತರೆ ಆಮೇಲೆ ಸರಿಪಡಿಸಲು ಬಹಳ ದಿನ ಇರುವುದಿಲ್ಲ. ಪಾಚಿಯ ಜಾತಿಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ. ಬೇಸಿಗೆ ಬೆಳೆ ಕಟಾವಾದ ಮೇಲೆ ಜಲಾಶಯದಿಂದ ನೀರು ನಿಲ್ಲಿಸುತ್ತಾರೆ, ಸಿರುಗುಪ್ಪದ ಕಾಲುವೆ ತಳ ಕಾಣುವಷ್ಟು ಬತ್ತುತ್ತದೆ. ಮಳೆಗಾಲದಲ್ಲಿ ಮತ್ತೆ ಬಿಡುವ ನೀರು ಆ ದಿನದ ನೀರಲ್ಲ.